ನುಡಿ ಸಿಡಿಲಿನಂತೆ ಬೀಳಲಿಲ್ಲ

ಮನುಷ್ಯನ ಭಾಷೆ ಹೇಗೆ ಹುಟ್ಟಿತೆಂದು ನಾಲ್ಕು ಪುಸ್ತಕ ಓದಿದ ಯಾರನ್ನು ಕೇಳಿದರೂ ಇಂದು ಒಂದೇ ಕಥೆಯನ್ನು ಹೇಳುವರು. ಲಕ್ಷಾಂತರ ವರ್ಷಗಳ ಕಾಲ ನಮ್ಮ ಪೂರ್ವಜರು ಕಲ್ಲೊಡೆಯುತ್ತ, ಬೇಟೆಯಾಡುತ್ತ, ಬೆಂಕಿಯ ಸುತ್ತ ಕುಳಿತು ಚಳಿ ಕಾಯಿಸಿಕೊಳ್ಳುತ್ತ ಮೂಕರಾಗಿಯೇ ಬದುಕಿದ್ದರೆಂದೂ, ಈಗ್ಗೆ ಐವತ್ತು ಸಾವಿರವೋ ಎಪ್ಪತ್ತು ಸಾವಿರವೋ ವರ್ಷಗಳ ಹಿಂದೆ ಯಾವನೋ ಒಬ್ಬನ ಮಿದುಳಿನಲ್ಲಿ ಅಕಸ್ಮಾತ್ತಾಗಿ ಒಂದು ಉತ್ಪರಿವರ್ತನೆ ಸಂಭವಿಸಿತೆಂದೂ, ಆ ಒಂದು ಪಲ್ಲಟದಿಂದ ಮಾತು, ಮಾತಿನಿಂದ ಕಲ್ಪನೆ, ಕಲ್ಪನೆಯಿಂದ ಚಿತ್ರ, ದೋಣಿ, ದೇವರು, ವ್ಯಾಪಾರ ಇವೆಲ್ಲ ಒಂದರ ಬೆನ್ನಿಗೊಂದು ಬಂದುವೆಂದೂ ಆ ಕಥೆ ಸಾರುತ್ತದೆ. ಕೇಳಲು ಇದು ಸೊಗಸಾಗಿದೆ. ಇದಕ್ಕೊಂದು ಆದಿಯಿದೆ, ಒಬ್ಬ ನಾಯಕನಿದ್ದಾನೆ, ಒಂದು ಶುಭಮುಹೂರ್ತವಿದೆ. ಆದುದರಿಂದಲೇ ಜನಪ್ರಿಯ ಗ್ರಂಥಗಳಿಂದ ಉಪನ್ಯಾಸ ವೇದಿಕೆಗಳಿಗೆ, ಅಲ್ಲಿಂದ ತರಗತಿಗಳಿಗೆ ಇದು ಯಾವ ಪ್ರತಿರೋಧವೂ ಇಲ್ಲದೆ ಹರಿದುಬಂದಿದೆ. ಆದರೆ ಇದು ಸಾಕ್ಷ್ಯಕ್ಕೆ ವಿರುದ್ಧವಾದ ಕಥೆ. ಮಾತಿನ ಸ್ವಭಾವವನ್ನೇ ತಪ್ಪಾಗಿ ತಿಳಿದ ಕಥೆ. ಬದುಕಿರುವ ಮನುಷ್ಯರಿಗೆ ಕೇಡು ಮಾಡಿದ, ಇಂದಿಗೂ ಮಾಡುತ್ತಿರುವ ಕಥೆ. ಇದನ್ನು ಸುಮ್ಮನೆ ಬಿಟ್ಟುಬಿಡುವುದು ಸಲ್ಲದು.

ಈ ಮತದ ಪ್ರತಿಪಾದಕರು ಸಾಮಾನ್ಯರಲ್ಲವೆಂಬುದನ್ನು ನಾನು ಬಲ್ಲೆ. ಅಮೆರಿಕದ ಪುರಾತತ್ತ್ವಜ್ಞ ರಿಚರ್ಡ್ ಕ್ಲೈನ್ ಅವರು ಸುಮಾರು 50,000 ವರ್ಷಗಳ ಹಿಂದೆ ಮಿದುಳಿನ ರಚನೆಯಲ್ಲಾದ ಒಂದು ಉತ್ಪರಿವರ್ತನೆಯೇ ಆಧುನಿಕ ಮಾನವನ ನಡವಳಿಕೆಗೆ ಮೂಲವೆಂದು ವಾದಿಸಿದರು. ಜೇರೆಡ್ ಡೈಮಂಡ್ ಅವರು 1991ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅದನ್ನು ಮಹಾ ನೆಗೆತವೆಂದು ವರ್ಣಿಸಿದರು. ಯುವಾಲ್ ನೋಆ ಹರಾರಿ ಅವರ ‘ಸೇಪಿಯನ್ಸ್’ 70,000 ವರ್ಷಗಳ ಹಿಂದಿನ ಜ್ಞಾನಕ್ರಾಂತಿಯೊಂದನ್ನು ಲೋಕದ ಮೂಲೆಮೂಲೆಗೂ ಮುಟ್ಟಿಸಿತು. ಭಾಷಾವಿಜ್ಞಾನದ ದಿಗ್ಗಜ ನೋಮ್ ಚಾಮ್‌ಸ್ಕಿ ಅವರು ರಾಬರ್ಟ್ ಬರ್ವಿಕ್ ಅವರೊಡನೆ 2016ರಲ್ಲಿ ಹೊರತಂದ ಪುಸ್ತಕದಲ್ಲಿ ಎರಡು ಘಟಕಗಳನ್ನು ಕೂಡಿಸಿ ಒಂದಾಗಿಸುವ, ಹಾಗೆ ಕೂಡಿದ್ದನ್ನು ಮತ್ತೊಂದರೊಡನೆ ಕೂಡಿಸುವ ಒಂದೇ ಒಂದು ಮಾನಸಿಕ ಕ್ರಿಯೆ ಭಾಷೆಯ ಸಾರಸರ್ವಸ್ವವೆಂದೂ, ಅದು ಒಬ್ಬ ವ್ಯಕ್ತಿಯಲ್ಲಿ ಹಠಾತ್ತನೆ ಮೂಡಿತೆಂದೂ, ಮೊದಲು ಅದು ಇನ್ನೊಬ್ಬರೊಡನೆ ಆಡಲು ಅಲ್ಲ, ತನ್ನೊಳಗೆ ತಾನು ಚಿಂತಿಸಲು ಬಳಕೆಯಾಯಿತೆಂದೂ ಹೇಳಿದರು. ಇವರ ವಿದ್ವತ್ತಿಗೆ ನನ್ನ ಗೌರವವಿದೆ. ಆದರೆ ವಿದ್ವತ್ತು ದೊಡ್ಡದಾದಷ್ಟೂ ಅದರ ತಪ್ಪಿನ ನೆರಳೂ ದೊಡ್ಡದಾಗಿ ಬೀಳುತ್ತದೆ. ಆ ನೆರಳಿನಲ್ಲಿ ನಿಂತು ಓದುವ ನಮ್ಮ ಮಕ್ಕಳಿಗಾಗಿಯಾದರೂ ಸತ್ಯವನ್ನು ಆಡಲೇಬೇಕು.

ಕಲಬುರಗಿ ಸೀಮೆಯ ಒಂದು ಫರಸಿಗಲ್ಲಿನ ಗಣಿಯಲ್ಲಿ ಒಮ್ಮೆ ಅರ್ಧ ದಿನ ನಿಂತು ನೋಡಿದ ದೃಶ್ಯ ನನಗೆ ಮರೆಯದು. ಅರುವತ್ತು ದಾಟಿದ ಕಲ್ಲುಕುಟಿಗನೊಬ್ಬ, ಮೀಸೆ ಮೂಡಿದ ತನ್ನ ಮೊಮ್ಮಗನಿಗೆ ಹಾಸುಗಲ್ಲನ್ನು ಪದರಿನಿಂದ ಎಬ್ಬಿಸುವ ಬಗೆಯನ್ನು ಕಲಿಸುತ್ತಿದ್ದ. ಹುಡುಗ ಹೊಡೆದ ಪೆಟ್ಟು ಸೊಟ್ಟಗೆ ಬಿದ್ದು ಕಲ್ಲಿನ ಅಂಚು ಪುಡಿಯಾಯಿತು. “ಹಂಗಲ್ಲೋ ತಮ್ಮಾ, ಹಿಂಗ” ಎಂದು ಮುದುಕ ಅವನ ಮಣಿಕಟ್ಟನ್ನು ಹಿಡಿದು ಎಳ್ಳಷ್ಟು ಓರೆ ಮಾಡಿದ. ಆಮೇಲೆ ಸುತ್ತಿಗೆಯಿಂದ ಕಲ್ಲನ್ನು ಎರಡು ಕಡೆ ಮೆಲ್ಲಗೆ ತಟ್ಟಿ, ಕಿವಿಯನ್ನು ಬಾಗಿಸಿ, “ಕೇಳ್ದೇನು? ಇಲ್ಲಿ ಟೊಳ್ಳದ, ಅಲ್ಲಿ ಗಟ್ಟಿ ಅದ” ಎಂದ. ಹುಡುಗ ತಾನೂ ತಟ್ಟಿದ, ತಾನೂ ಕೇಳಿದ, ತಲೆಯಾಡಿಸಿದ. ಮುಂದಿನ ಪೆಟ್ಟಿಗೆ ಕಲ್ಲು ಗೆರೆ ಎಳೆದಂತೆ ಬಿಟ್ಟುಕೊಂಡಿತು. ಆ ಇಡೀ ಪಾಠದಲ್ಲಿ ಮಾತು ಹತ್ತಾರು ಪದಗಳನ್ನು ಮೀರಲಿಲ್ಲ. ‘ಹಿಂಗ’ ಎಂಬ ಪದಕ್ಕೆ ಆ ಕೈಯ ಓರೆಯಿಲ್ಲದೆ ಅರ್ಥವೇ ಇಲ್ಲ. ಕೈಯ ಓರೆಗೆ ಆ ಪದವಿಲ್ಲದಿದ್ದರೆ ಗುರಿಯಿಲ್ಲ. ಕಣ್ಣು, ಕೈ, ಕಿವಿ, ನಾಲಗೆ ಈ ನಾಲ್ಕೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಎಳೆಯುತ್ತಿದ್ದುವು. ಭಾಷೆ ಹುಟ್ಟಿದ ಬಗೆಯನ್ನು ಬಲ್ಲೆವೆನ್ನುವವರು ಇಂಥ ಒಂದು ಗಣಿಯ ಅಂಚಿನಲ್ಲಿ ಒಂದು ಹೊತ್ತು ನಿಲ್ಲಬಾರದೆ?

ಅದೇ ಸುಣ್ಣಕಲ್ಲಿನ ಸೀಮೆಯ ಇನ್ನೊಂದು ಭಾಗದಲ್ಲಿ, ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ, ಇಸಾಂಪುರವೆಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹಲವು ವರ್ಷ ಆ ಕಣಿವೆಯನ್ನು ನಡೆದು, ಅಗೆದು, ಅಳೆದು, ಇಸಾಂಪುರದಲ್ಲಿ ಆದಿಮಾನವರ ಒಂದು ಕಲ್ಲುಗಣಿಯನ್ನೂ ಕಾರ್ಯಾಗಾರವನ್ನೂ ಬೆಳಕಿಗೆ ತಂದರು. ಅಲ್ಲಿ ದೊರೆತ ಪ್ರಾಣಿಯ ಹಲ್ಲಿನ ಕವಚವನ್ನು ಪರೀಕ್ಷಿಸಿ ನಿರ್ಣಯಿಸಿದ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯ ಇನ್ನೂ ಹುಟ್ಟಿರದ ಆ ಕಾಲದಲ್ಲಿ ಅಲ್ಲಿನ ಜನ ಚಪ್ಪಡಿಗಳ ದಪ್ಪ ತೆಳುವನ್ನು ನೋಡಿ ಆರಿಸಿದರು. ಚಪ್ಪಡಿಗೆ ತಕ್ಕಂತೆ ವಿಧಾನವನ್ನು ಬದಲಿಸಿದರು. ಗಡುಸಾದ ಗುಂಡುಗಳನ್ನು ಸುತ್ತಿಗೆಯಾಗಿ ಹಿಡಿದು, ಎರಡೂ ಬದಿಯಿಂದ ಚಕ್ಕೆಗಳನ್ನು ಎಬ್ಬಿಸಿ, ಕೈಗೊಡಲಿಗಳನ್ನು ಮಾಡಿದರು. ಒಡೆದ ಚಕ್ಕೆಗಳೂ ಅರ್ಧಕ್ಕೆ ಬಿಟ್ಟ ಕಲ್ಲುಗಳೂ ಸಾವಿರಾರು ಸಂಖ್ಯೆಯಲ್ಲಿ ಅವರು ಕುಳಿತೆದ್ದ ನೆಲದಲ್ಲೇ ಉಳಿದಿವೆ. ಆ ಜನ ನಮ್ಮಂತೆ ಮಾತನಾಡುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಈ ವಿದ್ಯೆ ತಲೆಯಿಂದ ತಲೆಗೆ, ತಾಯಿಯಿಂದ ಮಗುವಿಗೆ, ಲಕ್ಷಾಂತರ ವರ್ಷ ಕೆಡದೆ ಹರಿದುಬಂದದ್ದು ಕೇವಲ ಮೂಕ ಅನುಕರಣದಿಂದಲೆ? 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 184 ಮಂದಿಗೆ ಅದಕ್ಕಿಂತಲೂ ಪುರಾತನವಾದ, ಸರಳವಾದ ಚಕ್ಕೆಯೊಡೆಯುವ ವಿದ್ಯೆಯನ್ನು ಬೇರೆ ಬೇರೆ ಬಗೆಯಲ್ಲಿ ಕಲಿಸಿ ನೋಡಿದರು. ಬರಿದೆ ನೋಡಿ ಕಲಿತವರು ಹೆಚ್ಚು ಮುಂದುವರಿಯಲಿಲ್ಲ. ಸನ್ನೆಯಿಂದ ಕಲಿತವರು ಮುಂದಾದರು. ಮಾತಿನಿಂದ ಕಲಿತವರು ಇನ್ನಷ್ಟು ಮುಂದಾದರು. ಕಲಿಸುವ ಅಗತ್ಯವೇ ಮಾತನ್ನು ಮೆಟ್ಟಲು ಮೆಟ್ಟಲಾಗಿ ಮೇಲಕ್ಕೆ ಕರೆದೊಯ್ದಿರಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಏನು ಸೂಚಿಸಬಲ್ಲುದು?

ನೆಗೆತದ ಮತದ ಮೇಲೆ ನನ್ನ ಮೊದಲ ಆರೋಪ ಕಾಲದ್ದು. ಐವತ್ತು ಸಾವಿರ ವರ್ಷಗಳ ಹಿಂದೆ ಕ್ರಾಂತಿಯಾಯಿತೆನ್ನುವವರು ಅದಕ್ಕೂ ಮುಂಚಿನ ಆಫ್ರಿಕವನ್ನು ಏನು ಮಾಡುವರು? ದಕ್ಷಿಣ ಆಫ್ರಿಕದ ಕಡಲಂಚಿನ ಬ್ಲೋಂಬೋಸ್ ಗವಿಯಲ್ಲಿ 70,000 ವರ್ಷಕ್ಕೂ ಹಳೆಯದಾದ ಕಾವಿಕಲ್ಲಿನ ತುಂಡೊಂದು ದೊರೆತಿದೆ; ಅದರ ನಯಗೊಳಿಸಿದ ಮೈಮೇಲೆ ಅಡ್ಡ ಗೆರೆಗಳನ್ನು ಜಾಲದಂತೆ ಕೊರೆದಿದ್ದಾರೆ. ಅದೇ ಗವಿಯ ಇನ್ನೂ ಕೆಳಗಿನ ಪದರಿನಲ್ಲಿ, ಒಂದು ಲಕ್ಷ ವರ್ಷಗಳ ಹಿಂದೆ, ಕಡಲಚಿಪ್ಪನ್ನು ಬಟ್ಟಲಾಗಿಸಿ ಅದರಲ್ಲಿ ಕಾವಿಯನ್ನು ಕಲಸಿಟ್ಟಿದ್ದರು. ಮೊರಾಕ್ಕೊದ ಬಿಜ್‌ಮೂನ್ ಗವಿಯಲ್ಲಿ ತೂತುಳ್ಳ ಚಿಪ್ಪಿನ ಮಣಿಗಳು ದೊರೆತಿವೆ. ಅವು 1,40,000 ವರ್ಷಗಳಿಗೂ ಹಿಂದಿನವು. ಕೆನ್ಯದ ಒಲೊರ್ಗೆಸೈಲಿಯಲ್ಲಿ ಸುಮಾರು ಮೂರು ಲಕ್ಷ ವರ್ಷಗಳ ಹಿಂದೆಯೇ ಜನ ಬಣ್ಣದ ಕಲ್ಲುಗಳನ್ನು ಬಳಸಿದರು, ದೂರದ ಎಡೆಗಳಿಂದ ಗಾಜುಗಲ್ಲನ್ನು ತಂದರು. ಕೊರಳಿಗೆ ಮಣಿ ಕಟ್ಟಿಕೊಂಡವನು ತನ್ನನ್ನು ನೋಡುವ ಇನ್ನೊಬ್ಬನಿಗಾಗಿ ಅದನ್ನು ಕಟ್ಟಿಕೊಂಡನಲ್ಲವೆ? ಅದು ಮೂಕ ಸಮಾಜದ ಲಕ್ಷಣವೆ? 2000ದಲ್ಲೇ ಸ್ಯಾಲಿ ಮೆಕ್‌ಬ್ರಿಯರ್ಟಿ ಮತ್ತು ಆಲಿಸನ್ ಬ್ರೂಕ್ಸ್ ಎಂಬ ಇಬ್ಬರು ವಿದುಷಿಯರು ಆಫ್ರಿಕದ ಸಾಕ್ಷ್ಯವನ್ನೆಲ್ಲ ಒಂದೆಡೆ ಕೂಡಿಸಿ, ಇಲ್ಲಿ ಯಾವ ಕ್ರಾಂತಿಯೂ ನಡೆಯಲಿಲ್ಲ, ಕೌಶಲಗಳು ಒಂದೊಂದಾಗಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಎಡೆಯಲ್ಲಿ ಕೂಡಿಬಂದುವು ಎಂದು ತೋರಿಸಿದರು. ಅದು ಪ್ರಕಟವಾಗಿ ಕಾಲು ಶತಮಾನ ಕಳೆಯಿತು. ಕ್ರಾಂತಿಯ ಕಥೆ ಮಾತ್ರ ಪುಸ್ತಕದ ಅಂಗಡಿಗಳಲ್ಲಿ ಹೊಸದಾಗಿಯೇ ಮಾರಾಟವಾಗುತ್ತಿದೆ.

ಇದಕ್ಕಿಂತ ಬಲವಾದ ಸಾಕ್ಷ್ಯ ಬದುಕಿರುವ ಮನುಷ್ಯರ ರಕ್ತದಲ್ಲೇ ಇದೆ. ದಕ್ಷಿಣ ಆಫ್ರಿಕದ ಸಾನ್ ಜನರ ಪೂರ್ವಜರು ಉಳಿದ ಮಾನವ ಕುಲಗಳಿಂದ ಕವಲೊಡೆದದ್ದು ಒಂದು ಲಕ್ಷ ವರ್ಷಗಳಿಗೂ ಬಹಳ ಮೊದಲು. ಕೆಲವು ಗಣನೆಗಳಂತೆ ಎರಡು ಲಕ್ಷ ವರ್ಷಗಳಿಗೂ ಹಿಂದೆ. ಆದರೂ ಸಾನ್ ಮಗು ಬೆಂಗಳೂರಿನಲ್ಲಿ ಬೆಳೆದರೆ ಕನ್ನಡವನ್ನು ನಮ್ಮ ಮಕ್ಕಳಷ್ಟೇ ಸರಾಗವಾಗಿ ಕಲಿಯುತ್ತದೆ. ನಮ್ಮ ಮಗು ಕಲಹಾರಿಯಲ್ಲಿ ಬೆಳೆದರೆ ನಾಲಗೆಯನ್ನು ಚಿಟಿಕೆಯಂತೆ ನುಡಿಸುವ ಅವರ ವ್ಯಂಜನಗಳನ್ನು ಅಷ್ಟೇ ಸುಲಭವಾಗಿ ಆಡುತ್ತದೆ. ಕವಲುಗಳೆರಡರಲ್ಲೂ ಒಂದೇ ಶಕ್ತಿ ಇರಬೇಕಾದರೆ ಅದು ಕವಲೊಡೆಯುವ ಮೊದಲೇ ಕಾಂಡದಲ್ಲಿ ಇದ್ದಿರಬೇಕು. ಎಪ್ಪತ್ತು ಸಾವಿರ ವರ್ಷಗಳ ಹಿಂದೆ ಒಬ್ಬನಿಗೆ ಒದಗಿದ ವರ ಅದಾಗಲೇ ದೂರವಾಗಿದ್ದ ಕುಲಗಳ ಪ್ರತಿಯೊಂದು ತೊಟ್ಟಿಲನ್ನೂ ಒಂದನ್ನೂ ಬಿಡದೆ ಮುಟ್ಟಿದುದು ಹೇಗೆ? ಇದಕ್ಕೆ ನೆಗೆತದ ಪಂಥದಲ್ಲಿ ಸಮಾಧಾನಕರವಾದ ಉತ್ತರವನ್ನು ನಾನು ಕಂಡಿಲ್ಲ.

ಎರಡನೆಯ ಆರೋಪ ದೇಶದ್ದು. ಈ ಕ್ರಾಂತಿಯ ಚಿತ್ರ ಮೊದಲು ಮೂಡಿದ್ದು ಯೂರೋಪಿನ ಗವಿಗಳಲ್ಲಿ. ಸ್ಪೇನಿನ ಆಲ್ತಮೀರದ ಕಾಡೆಮ್ಮೆಗಳು 1879ರಲ್ಲಿ, ಫ್ರಾನ್ಸಿನ ಲಾಸ್ಕೋದ ಗೂಳಿಗಳು 1940ರಲ್ಲಿ, ಶೋವೆ ಗವಿಯ ಸಿಂಹಗಳು 1994ರಲ್ಲಿ ಕಾಣಿಸಿಕೊಂಡುವು. ಅವು ಮನುಷ್ಯಕುಲದ ಮಹಾನಿಧಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಮೊದಲು ಕಂಡದ್ದು ಏಕೆ? ವಿಶ್ವವಿದ್ಯಾಲಯಗಳೂ ವಸ್ತುಸಂಗ್ರಹಾಲಯಗಳೂ ಹಣವೂ ಅಲ್ಲಿದ್ದುವು, ಆದುದರಿಂದ ಗುದ್ದಲಿ ಅಲ್ಲಿ ಮೊದಲು ಬಿತ್ತು. ಗುದ್ದಲಿ ಬಿದ್ದ ಎಡೆಯನ್ನೇ ಮಾನವ ಮನಸ್ಸು ಹುಟ್ಟಿದ ಎಡೆಯೆಂದು ಭ್ರಮಿಸಿದ ವಿದ್ವಾಂಸರು, ಅಂಥ ಚಿತ್ರಗಳು ದೊರೆಯದ ನಾಡುಗಳ ಜನರಿಗೆ ಮಾತು ತಡವಾಗಿ ಬಂದಿರಬೇಕೆಂಬ ಭಾವನೆಗೆ ಎಡೆಗೊಟ್ಟರು. ಹೀಗಿರುವಾಗ, ಕನಿಷ್ಠ 50,000 ವರ್ಷಗಳ ಹಿಂದೆ, ಆಚೆಯ ದಡ ಕಾಣದ ಕಡಲನ್ನು ದಾಟಿ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದವರು ಯಾರು? ದೋಣಿಯನ್ನೋ ತೆಪ್ಪವನ್ನೋ ಕಟ್ಟಿ, ನೀರು ಬುತ್ತಿಗಳನ್ನು ಕೂಡಿಟ್ಟು, ಹೆಂಗಸರು ಮಕ್ಕಳೊಡನೆ ಹೊರಡುವ ದಿನವನ್ನು ಗೊತ್ತುಮಾಡಿದ ಆ ಜನ ಮಾತಿಲ್ಲದೆ ಗೊತ್ತುಮಾಡಿದರೆ?

ಮೂರನೆಯದಾಗಿ, ಆ ಮಾಂತ್ರಿಕ ವಂಶವಾಹಿಯ ಪ್ರಶ್ನೆ. ಲಂಡನ್ನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರುಗಳ ಅನೇಕರಿಗೆ ಮಾತು ತೊಡಕಾಗಿತ್ತು. ಅದಕ್ಕೆ ಫಾಕ್ಸ್‌ಪಿ2 ಎಂಬ ವಂಶವಾಹಿಯಲ್ಲಿನ ದೋಷ ಕಾರಣವೆಂದು 2001ರಲ್ಲಿ ಗೊತ್ತಾಯಿತು. ಮರುವರ್ಷವೇ, ಮನುಷ್ಯನಲ್ಲಿ ಆ ವಂಶವಾಹಿಗೆ ಆದ ಎರಡು ವಿಶಿಷ್ಟ ಬದಲಾವಣೆಗಳು ಇತ್ತೀಚಿನವೆಂಬ ವಾದ ಬಂದಿತು, ಭಾಷೆಯ ವಂಶವಾಹಿ ಸಿಕ್ಕಿತೆಂದು ಪತ್ರಿಕೆಗಳು ಸಾರಿದುವು. ಮುಂದೆ ಏನಾಯಿತು? 2007ರಲ್ಲಿ ಸ್ಪೇನಿನ ಎಲ್ ಸಿದ್ರೋನ್ ಗವಿಯಲ್ಲಿ ಸಿಕ್ಕ, ನಿಯಾಂಡರ್ತಲ್ ಎಂಬ ಅಳಿದುಹೋದ ಮಾನವ ಕುಲದ ಎಲುಬುಗಳಲ್ಲಿ ಅದೇ ಎರಡು ಬದಲಾವಣೆಗಳು ದೊರೆತುವು. 2018ರಲ್ಲಿ ಲೋಕದ ಹಲವು ಜನಾಂಗಗಳ ವಂಶವಾಹಿಗಳನ್ನು ಪರಿಶೀಲಿಸಿದಾಗ ಇತ್ತೀಚೆಗೆ ಅದು ಬಿರುಸಾಗಿ ಹರಡಿತೆಂಬುದಕ್ಕೆ ಆಧಾರವೇ ಕಾಣಲಿಲ್ಲ. ಆ ವಂಶವಾಹಿ ಇಲಿಯಲ್ಲೂ ಇದೆ, ಹಕ್ಕಿಯಲ್ಲೂ ಇದೆ. ಅದನ್ನು ಕುಗ್ಗಿಸಿದರೆ ಜೀಬ್ರ ಫಿಂಚ್ ಎಂಬ ಪುಟ್ಟ ಹಕ್ಕಿಯ ಮರಿ ತಂದೆಯ ಹಾಡನ್ನು ಸರಿಯಾಗಿ ಕಲಿಯಲಾರದು. ಮಾತು ಒಂದು ಬೀಗವಲ್ಲ, ಅದಕ್ಕೆ ಒಂದು ಕೀಲಿಕೈಯೂ ಇಲ್ಲ. ಉಸಿರಿನ ಹಿಡಿತ, ನಾಲಗೆಯ ಚಲನೆ, ನೆನಪು, ಎದುರಿನವರ ಮನಸ್ಸನ್ನು ಅರಿಯುವ ಶಕ್ತಿ, ಸರದಿಯಂತೆ ಆಡುವ ತಾಳ್ಮೆ ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪ್ರಯೋಜನಕ್ಕಾಗಿ ಬಲಿತು ಕೂಡಿದ ಸಂಗಮ ಅದು. ಸಂಗಮಕ್ಕೆ ಒಂದೇ ಉಗಮವನ್ನು ಹುಡುಕುವುದು ಯಾವ ನ್ಯಾಯ?

ನಾಲ್ಕನೆಯ ಆರೋಪ ಎಲ್ಲಕ್ಕಿಂತ ಗಂಭೀರವಾದುದು: ಈ ಮತ ತನ್ನ ಸಿದ್ಧಾಂತವನ್ನು ಕಾಪಾಡಿಕೊಳ್ಳಲು ಒಂದಿಡೀ ಮಾನವ ಕುಲದ ಬಾಯಿಗೆ ಬೀಗ ಹಾಕಿತು. ಎಲುಬು ಸಿಗುವುದಕ್ಕೂ ಮುಂಚೆಯೇ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ವಾನರನಿಗೂ ನರನಿಗೂ ನಡುವಣ ಕಲ್ಪಿತ ಜೀವಿಗೆ ‘ಮಾತಿಲ್ಲದ ಕಪಿಮಾನವ’ನೆಂಬ ಅರ್ಥದ ಹೆಸರನ್ನು ಇಟ್ಟುಬಿಟ್ಟಿದ್ದನು, ಸಾಕ್ಷಿಯನ್ನು ಕರೆಸುವ ಮೊದಲೇ ಆತ ಮೂಕನೆಂದು ತೀರ್ಪಾಗಿತ್ತು. 1971ರಲ್ಲಿ ಫಿಲಿಪ್ ಲೀಬರ್ಮನ್ ಮತ್ತು ಎಡ್ಮಂಡ್ ಕ್ರೆಲಿನ್ ಅವರು, 1908ರಲ್ಲಿ ಫ್ರಾನ್ಸಿನಲ್ಲಿ ದೊರೆತ ನಿಯಾಂಡರ್ತಲ್ ಮುದುಕನೊಬ್ಬನ ತಲೆಬುರುಡೆಯಿಂದ ಗಂಟಲನ್ನು ಊಹಿಸಿ ರಚಿಸಿ, ಈ ಜನ ನಮ್ಮ ಸ್ವರಗಳನ್ನು ಉಚ್ಚರಿಸಲಾರದವರಾಗಿದ್ದರೆಂದು ಸಾರಿದರು. 1983ರಲ್ಲಿ ಇಸ್ರೇಲಿನ ಕೆಬಾರ ಗವಿಯಲ್ಲಿ ನಾಲಗೆಯ ಬುಡದ ಹಯಾಯ್ಡ್ ಎಲುಬೇ ದೊರೆಯಿತು. ಸುಮಾರು 60,000 ವರ್ಷ ಹಳೆಯದಾದ ಅದು ಆಕಾರದಲ್ಲಿ ನಮ್ಮದರಂತೆಯೇ ಇತ್ತು. ಸ್ಪೇನಿನ ಅತಪುಎರ್ಕದಲ್ಲಿ ನಾಲ್ಕು ಲಕ್ಷ ವರ್ಷಗಳಿಗೂ ಹಿಂದಿನ ಅಂಥವೇ ಎಲುಬುಗಳು ದೊರೆತುವು. ಆದರೆ ಇಥಿಯೋಪಿಯದ ದಿಕಿಕದಲ್ಲಿ 33 ಲಕ್ಷ ವರ್ಷಗಳ ಹಿಂದೆ ಸತ್ತ ಕೂಸಿನ ಹಯಾಯ್ಡ್ ವಾನರನದಂತಿದೆ. ದಿಕಿಕದಿಂದ ಅತಪುಎರ್ಕಕ್ಕೆ, ಅಲ್ಲಿಂದ ಕೆಬಾರಕ್ಕೆ ಒಂದು ದೀರ್ಘವಾದ ಇಳಿಜಾರಿನ ದಾರಿ ಕಾಣುತ್ತದೆಯೇ ಹೊರತು ಒಂದು ಪ್ರಪಾತವಲ್ಲ. 2021ರಲ್ಲಿ ನಿಯಾಂಡರ್ತಲರ ಕಿವಿಯ ಒಳರಚನೆಯನ್ನು ಪರಿಶೀಲಿಸಿದವರು ಅದು ನಮ್ಮ ಮಾತಿನ ಧ್ವನಿಗಳನ್ನು ಕೇಳಲು ನಮ್ಮ ಕಿವಿಯಷ್ಟೇ ಸಮರ್ಥವೆಂದು ಕಂಡರು. ಆಡುವ ಬಾಯಿಯಿಲ್ಲದಿದ್ದರೆ ಕೇಳುವ ಆ ಕಿವಿ ಯಾವ ಪ್ರಯೋಜನಕ್ಕಾಗಿ ಬಲಿಯಿತು?

ಫ್ರಾನ್ಸಿನ ಬ್ರುನಿಕೆಲ್ ಗವಿಯನ್ನು ನೆನೆಯಬೇಕು. ಬಾಗಿಲಿನಿಂದ 336 ಮೀಟರ್ ಒಳಗೆ, ಹಗಲಿನ ಬೆಳಕು ಎಂದೂ ಮುಟ್ಟದ ಕತ್ತಲಲ್ಲಿ, ನೆಲದಿಂದ ಮೇಲಕ್ಕೆ ಬೆಳೆದ ಸುಣ್ಣದ ಕಂಬಗಳನ್ನು ಮುರಿದು, ಸುಮಾರು 400 ತುಂಡುಗಳನ್ನು ಬಳೆಯಂತೆ ಜೋಡಿಸಿದ್ದಾರೆ. ಅವುಗಳ ಒಟ್ಟು ತೂಕ ಎರಡು ಟನ್ನಿಗೂ ಮಿಗಿಲು. ಅಲ್ಲಲ್ಲಿ ಬೆಂಕಿ ಹೊತ್ತಿಸಿದ ಕುರುಹುಗಳಿವೆ. ಅದರ ಕಾಲ 1,76,000 ವರ್ಷ. ಆಗ ಆ ಸೀಮೆಯಲ್ಲಿದ್ದವರು ನಿಯಾಂಡರ್ತಲರು. ಒಬ್ಬ ದೀವಟಿಗೆ ಹಿಡಿಯಬೇಕು, ಒಬ್ಬ ಕಂಬ ಮುರಿಯಬೇಕು, ಇಬ್ಬರು ಹೊರಬೇಕು, ಎಲ್ಲಿ ಇಡಬೇಕೆಂದು ಒಬ್ಬ ತೋರಿಸಬೇಕು. ಬೆಳಕು ಆರುವ ಮೊದಲು ಹಿಂದಿರುಗುವ ದಾರಿಯನ್ನು ಎಲ್ಲರೂ ನೆನಪಿಡಬೇಕು. ಆ ಕತ್ತಲಲ್ಲಿ ಅವರು ಒಬ್ಬರನ್ನೊಬ್ಬರು ಕರೆಯಲೇ ಇಲ್ಲವೆಂದು ಎದೆಯ ಮೇಲೆ ಕೈಯಿಟ್ಟು ಹೇಳಬಲ್ಲವರಾರು?

ಇನ್ನು ನೆಗೆತದ ಪಂಥದ ಬ್ರಹ್ಮಾಸ್ತ್ರ. ಅರ್ಧ ಭಾಷೆಯೆಂಬುದು ಇರಲಾರದು, ಘಟಕಗಳನ್ನು ಕೂಡಿಸುವ ಶಕ್ತಿ ಇದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಇಲ್ಲವೇ ಇಲ್ಲ, ಆದುದರಿಂದ ಅದು ಒಮ್ಮೆಗೇ ಬಂದಿರಬೇಕು ಎಂದು ಅವರು ಹೇಳುವರು. ಕೂಸನ್ನು ಸಾಕಿದ ಯಾವ ತಾಯಿ ಈ ಮಾತನ್ನು ಒಪ್ಪುವಳು? ವರ್ಷದ ಕೂಸು ಮೊದಲು ಬೆರಳು ಚಾಚಿ ತೋರಿಸುತ್ತದೆ, ಅದು ಪ್ರಯೋಜನಕ್ಕೆ ಬರುತ್ತದೆ. ಆಮೇಲೆ ‘ಹಾಲು’ ಎನ್ನುತ್ತದೆ. ಅದು ಇನ್ನಷ್ಟು ಪ್ರಯೋಜನಕ್ಕೆ ಬರುತ್ತದೆ. ‘ಅಮ್ಮ ಬಾ’ ಎನ್ನುತ್ತದೆ, ಅದು ಮತ್ತಷ್ಟು. ಇವುಗಳಲ್ಲಿ ಯಾವ ಮೆಟ್ಟಲೂ ವ್ಯರ್ಥವಲ್ಲ. ನಿಕರಾಗುವದಲ್ಲಿ 1970ರ ದಶಕದ ಕೊನೆಯಿಂದ ಕಿವುಡ ಮಕ್ಕಳನ್ನು ಒಂದೆಡೆ ಸೇರಿಸಿ ಶಾಲೆ ತೆರೆದಾಗ, ಮನೆಮನೆಯಿಂದ ತಂದ ಬಿಡಿ ಸನ್ನೆಗಳನ್ನು ಆ ಮಕ್ಕಳು ತಮ್ಮತಮ್ಮಲ್ಲೇ ಬೆರೆಸಿದರು. ಅವರ ಬಳಿಕ ಸೇರಿದ ಚಿಕ್ಕ ಮಕ್ಕಳು ಅದನ್ನು ಹಿರಿಯರಿಗಿಂತ ನಯವಾದ, ವ್ಯಾಕರಣಬದ್ಧವಾದ ಭಾಷೆಯನ್ನಾಗಿ ಬೆಳೆಸಿದರು. ಯಾವ ಗುರುವೂ ಕಲಿಸದ ಆ ಭಾಷೆ ಹುಟ್ಟಿದ್ದು ಯಾವನೋ ಒಬ್ಬನ ಏಕಾಂತದ ಚಿಂತನೆಯಲ್ಲಲ್ಲ; ಆಟದ ಬಯಲಿನಲ್ಲಿ, ಶಾಲೆಯ ವಾಹನದಲ್ಲಿ, ಮಕ್ಕಳ ನಡುವೆ. ಆ ಮಕ್ಕಳಿಗೆ ಆಧುನಿಕ ಮಿದುಳು ಮೊದಲೇ ಇತ್ತೆಂಬ ಆಕ್ಷೇಪವನ್ನು ಬಲ್ಲೆ. ಆದರೆ ಮಿದುಳು ಇದ್ದೂ ಒಂಟಿಯಾಗಿ ಮನೆಯಲ್ಲಿದ್ದಾಗ ಅವರಲ್ಲಿ ಪೂರ್ಣ ಭಾಷೆ ಮೂಡಲಿಲ್ಲವೆಂಬುದೇ ನನ್ನ ಮಾತಿಗೆ ಆಧಾರ. ಜೊತೆಯಿಲ್ಲದೆ ಭಾಷೆಯಿಲ್ಲ. ಆಡಲು ಇನ್ನೊಬ್ಬರಿಲ್ಲದ ಮೊದಲ ಮಾತುಗಾರನಿಗೆ ಆ ವರದಿಂದ ಏನು ಲಾಭವಾಯಿತು?

ಇಷ್ಟೆಲ್ಲ ವಾದ ಎಂದೋ ಸತ್ತವರ ಕುರಿತದ್ದು, ಇದರಿಂದ ನಮಗೇನು ಎಂದು ಕೇಳುವವರಿದ್ದಾರೆ. ಮಾತನ್ನು ಕೆಲವರಿಗೆ ಕೊಟ್ಟು ಕೆಲವರಿಂದ ಕಸಿಯುವ ಅಭ್ಯಾಸ ಸತ್ತವರಲ್ಲಿಗೇ ನಿಲ್ಲಲಿಲ್ಲ. ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರ ಡೆಲ್ ಫ್ಯೂಗೊ ದ್ವೀಪಗಳ ಜನರನ್ನು ಕಂಡು ಡಾರ್ವಿನ್ನನಂಥ ಮಹಾಮೇಧಾವಿಯೇ ಅವರ ನುಡಿ ಭಾಷೆಯೆಂಬ ಹೆಸರಿಗೆ ತಕ್ಕುದಲ್ಲವೆಂಬ ಅರ್ಥದಲ್ಲಿ ಬರೆದನು. ಅದೇ ಜನರೊಡನೆ ಬಾಳಿ ಅವರ ಯಾಮನ ಭಾಷೆಯನ್ನು ಕಲಿತ ಥಾಮಸ್ ಬ್ರಿಜಸ್ ಎಂಬ ಪಾದ್ರಿ ರಚಿಸಿದ ಕೋಶದಲ್ಲಿ ಸುಮಾರು 32,000 ಪದಗಳಿವೆ. ಆ ಭಾಷೆಯನ್ನು ತಾಯಿನುಡಿಯಾಗಿ ಬಲ್ಲ ಕೊನೆಯವರಾದ ಕ್ರಿಸ್ಟಿನಾ ಕಾಲ್ದೆರೋನ್ 2022ರಲ್ಲಿ ತೀರಿಕೊಂಡರು. ಗೊಗ್ಗರು ಸದ್ದೆಂದು ಕೇಳಿಸಿದುದು ಕೇಳುವ ಕಿವಿಯ ದೋಷವಾಗಿತ್ತು. ಅದರ ದಂಡವನ್ನು ತೆತ್ತವರು ಆಡುವ ಜನ.

ಕಿವುಡರಿಗೆ ಆದ ಅನ್ಯಾಯ ಇನ್ನೂ ಹತ್ತಿರದ್ದು. ಗಂಟಲಿನಿಂದ ಹೊರಡುವುದೇ ಭಾಷೆ, ಕೈಯಿಂದ ಹೊರಡುವುದು ಅದಕ್ಕೂ ಕೆಳಗಿನ ಮೆಟ್ಟಲು ಎಂಬ ನಂಬಿಕೆಯ ಮೇಲೆ 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು ಕಿವುಡ ಮಕ್ಕಳ ಶಾಲೆಗಳಲ್ಲಿ ಸನ್ನೆಭಾಷೆಯ ಬದಲು ಬಾಯಿಮಾತಿನ ವಿಧಾನವೇ ನಡೆಯಬೇಕೆಂದು ನಿರ್ಣಯಿಸಿತು. ಆ ನಿರ್ಣಯವನ್ನು ಅದರ ಉತ್ತರಾಧಿಕಾರಿ ಸಮ್ಮೇಳನ ತಿರಸ್ಕರಿಸಿ ವಿಷಾದಿಸಿದ್ದು 2010ರಲ್ಲಿ. ನೂರ ಮೂವತ್ತು ವರ್ಷ! ಅಷ್ಟು ತಲೆಮಾರುಗಳ ಮಕ್ಕಳು ತಮ್ಮ ಕೈಯಲ್ಲೇ ಇದ್ದ ಭಾಷೆಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತರು. ಗಣಿಯ ಆ ಮುದುಕನ ಕೈಯನ್ನು ಭಾಷೆಯ ಚರಿತ್ರೆಯಿಂದ ಅಳಿಸಿದರೆ ಆಗುವುದು ಇದೇ. ನಮ್ಮ ನಾಡಿನಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆಗೂ ಬೋಧನೆಗೂ ಮೀಸಲಾದ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾದದ್ದು 2015ರಲ್ಲಿ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಆ ಭಾಷೆಗೆ ಇಂದಿಗೂ ಎಡೆಯಿಲ್ಲ.

ಮಾತು ಮಣ್ಣಿನಲ್ಲಿ ಉಳಿಯುವುದಿಲ್ಲ, ಆದುದರಿಂದ ಈ ಚರ್ಚೆಯೇ ನಿರರ್ಥಕವೆಂದು ಕೈತೊಳೆದುಕೊಳ್ಳುವವರೂ ಇದ್ದಾರೆ. 1866ರಲ್ಲಿ ಪ್ಯಾರಿಸ್ಸಿನ ಭಾಷಾಸಂಘ ಭಾಷೆಯ ಮೂಲವನ್ನು ಕುರಿತ ಲೇಖನಗಳನ್ನೇ ಸ್ವೀಕರಿಸಬಾರದೆಂದು ನಿಯಮ ಮಾಡಿತ್ತು. ಅಂದು ಕೈಯಲ್ಲಿ ಸಾಕ್ಷ್ಯವಿರಲಿಲ್ಲ. ಇಂದು ಕಲ್ಲು, ಎಲುಬು, ವಂಶವಾಹಿ, ಕೂಸು, ಸನ್ನೆ, ಹಕ್ಕಿಯ ಹಾಡು ಎಲ್ಲವೂ ಸಾಕ್ಷಿ ಹೇಳಲು ಎದ್ದು ನಿಂತಿವೆ. ಸಾಕ್ಷ್ಯವಿಲ್ಲದಾಗ ಸುಮ್ಮನಿರುವುದು ವಿವೇಕ. ಸಾಕ್ಷ್ಯ ಬಂದ ಮೇಲೂ ಪವಾಡದ ಕಥೆಗೆ ಜೋತುಬೀಳುವುದು ಅಂದಿನ ಆ ನಿಷೇಧಕ್ಕಿಂತ ಕೆಟ್ಟದ್ದು. ಏಕೆಂದರೆ ನಿಷೇಧ ಪ್ರಶ್ನೆಯನ್ನಷ್ಟೇ ತಡೆದಿತ್ತು, ಪವಾಡವೋ ಉತ್ತರ ದೊರೆಯಿತೆಂಬ ಭ್ರಮೆಯನ್ನು ಹುಟ್ಟಿಸಿ ಹುಡುಕಾಟವನ್ನೇ ಕೊಲ್ಲುತ್ತದೆ.

ಆದುದರಿಂದ ಈ ಕಥೆಯನ್ನು ಇನ್ನು ಮುಂದೆ ಹೇಳಕೂಡದು. ಪಾಠ ಬರೆಯುವವರು ಒಂದು ರಾತ್ರಿಯಲ್ಲಿ ಒಬ್ಬನ ತಲೆಯಲ್ಲಿ ಬೆಳಗಿದ ದೀಪದ ಕಥೆಯನ್ನು ಕೈಬಿಟ್ಟು, ಲಕ್ಷಾಂತರ ವರ್ಷ ಕೈಯಿಂದ ಕೈಗೆ ದಾಟಿದ ಕೆಂಡದ ಚರಿತ್ರೆಯನ್ನು ಬರೆಯಲಿ. ಭಾಷಾಶಾಸ್ತ್ರವನ್ನು ಬೋಧಿಸುವ ಪ್ರತಿಯೊಂದು ವಿಶ್ವವಿದ್ಯಾಲಯ ಸನ್ನೆಭಾಷೆಯನ್ನು ಪರಿಶಿಷ್ಟದಿಂದ ಎತ್ತಿ ಮೊದಲ ಅಧ್ಯಾಯದಲ್ಲಿ ಇಡಲಿ. ಕಿವುಡ ಮಗುವಿರುವ ಪ್ರತಿಯೊಂದು ಶಾಲೆಯಲ್ಲಿ ಆ ಭಾಷೆ ಬಲ್ಲ ಒಬ್ಬ ಗುರುವಿರಲಿ, ಮಗುವಿನ ತಂದೆತಾಯಿಗಳಿಗೂ ಅದನ್ನು ಕಲಿಸುವ ಏರ್ಪಾಡಿರಲಿ. ಲಿಪಿಯಿಲ್ಲದ, ಗ್ರಂಥವಿಲ್ಲದ ನುಡಿಗಳನ್ನು ಅರೆಭಾಷೆಗಳೆಂದು ಎಣಿಸುವ ಅಭ್ಯಾಸವನ್ನು ಬಿಟ್ಟು, ಅವುಗಳನ್ನು ಆಡುವ ಹಿರಿಯರು ಬದುಕಿರುವಾಗಲೇ ಕುಳಿತು ಕೇಳಿ ದಾಖಲಿಸಲಿ. ಇಸಾಂಪುರದಂಥ ನೆಲೆಗಳ ಕಲ್ಲು ಜಲ್ಲಿಯಾಗುವ ಮೊದಲು, ಆ ನೆಲ ಗದ್ದೆಯ ಕೆಳಗೆ ಮುಚ್ಚಿಹೋಗುವ ಮೊದಲು, ಸರಕಾರ ಅವಕ್ಕೆ ಬೇಲಿಯನ್ನೂ ಕಾವಲನ್ನೂ ಒದಗಿಸಲಿ. ಸುತ್ತಲಿನ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಹನ್ನೆರಡು ಲಕ್ಷ ವರ್ಷಗಳ ಹಿಂದೆ ಒಬ್ಬ ಹಿರಿಯ ಒಬ್ಬ ಕಿರಿಯನಿಗೆ ‘ಹಾಗಲ್ಲ, ಹೀಗೆ’ ಎಂದು ತಿಳಿಸಲು ಹೆಣಗಿದ ನೆಲ ಇದೆಂದು ಹೇಳಲಿ. ಆ ಮಕ್ಕಳು ಒಂದು ಗುಂಡನ್ನು ಕೈಗೆತ್ತಿಕೊಂಡು, ಬದಿಗೆ ಬಿದ್ದಿರುವ ಬರಿಯ ಕಲ್ಲೊಂದನ್ನು ತಟ್ಟಿ, ಕಿವಿಗೊಟ್ಟು ಕೇಳಲಿ. ಆಮೇಲೆ ಅವರು ಒಬ್ಬರ ಮುಖವನ್ನೊಬ್ಬರು ನೋಡಿ ಏನನ್ನೋ ಹೇಳಲು ತೊಡಗುವರು. ಭಾಷೆ ಹುಟ್ಟಿದ ಬಗೆಯ ಪಾಠವನ್ನು ಅಲ್ಲಿಂದ ಆರಂಭಿಸೋಣ.